ಟ್ಯಾಪೆಸ್ಟ್ರಿ: ಕಸೂತಿಯೋ, ನೆಯ್ಗೆಯೋ?

ಹದಿನೈದನೆಯ ಲೂಯಿಯ ಕಾಲದ ಫ್ರೆಂಚ್ ಕುರ್ಚಿಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಳುಕಿದ ಕಾಲು, ಬೆನ್ನಿನ ಚೌಕಟ್ಟಿನ ನೆತ್ತಿಯಲ್ಲಿ ಕೆತ್ತಿದ ಹೂಗೊಂಚಲು, ಚಿನ್ನದ ಲೇಪ: ಇವಕ್ಕೆಲ್ಲ ನಮ್ಮಲ್ಲಿ ಪದಗಳ ಬರವಿಲ್ಲ. ಪೇಚಾಟವೆಲ್ಲ ಮೆತ್ತೆಯ ಮೇಲೆ ಬಿಗಿದ ಬಟ್ಟೆಯದು.

ಮೂಲದಲ್ಲಿ ಆ ಬಟ್ಟೆಯ ಹೆಸರು ಟ್ಯಾಪೆಸ್ಟ್ರಿ. ಅದನ್ನು ‘ಕಸೂತಿ ಬಟ್ಟೆ’ ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಸೂತಿಗೆ ಬಟ್ಟೆ ಮೊದಲೇ ಸಿದ್ಧವಿರಬೇಕು, ಸೂಜಿಯ ಸರದಿ ಆಮೇಲೆ. ಟ್ಯಾಪೆಸ್ಟ್ರಿಗೆ ಹೆಸರಾದ ಫ್ರಾನ್ಸಿನ ಬೋವೆ, ಓಬ್ಯೂಸೋನ್ ಊರುಗಳ ಮಗ್ಗದಲ್ಲಿ ಬಟ್ಟೆಯೂ ಚಿತ್ರವೂ ಒಟ್ಟಿಗೇ ಹುಟ್ಟುತ್ತವೆ. ಹೊಕ್ಕಿನ (ಅಡ್ಡ) ನೂಲು ಅಂಚಿನಿಂದ ಅಂಚಿಗೆ ಓಡುವುದಿಲ್ಲ. ನರಿಯ ಬಾಲದ ಕಂದು ನೂಲು ಬಾಲ ಮುಗಿದಲ್ಲಿಗೇ ತಿರುಗಿಕೊಳ್ಳುತ್ತದೆ, ಪಕ್ಕದ ಹುಲ್ಲಿನ ಹಸಿರು ಅಲ್ಲಿಂದ ಶುರು. ಹೊಕ್ಕನ್ನು ಒತ್ತಿ ಒತ್ತಿ ಕೂರಿಸುವುದರಿಂದ ಹಾಸು (ಉದ್ದ ನೂಲು) ಕಣ್ಣಿಗೇ ಬೀಳದು. ನೇಕಾರ ಕೆಲಸ ಮಾಡುವುದೂ ಬಟ್ಟೆಯ ಹಿಮ್ಮೈ ನೋಡಿಕೊಂಡು. (ನರಿ ಸುಮ್ಮನೆ ಬಂದದ್ದಲ್ಲ. 1734ರಲ್ಲಿ ಬೋವೆಯ ಮಗ್ಗಶಾಲೆಯ ಹೊಣೆ ಹೊತ್ತ ಚಿತ್ರಕಾರ ಊದ್ರಿ ಲಾ ಫೊಂತೇನನ ನೀತಿಕಥೆಗಳ ಪ್ರಾಣಿಗಳನ್ನು ಕುರ್ಚಿಗಳ ಮೇಲೆ ತಂದು ಕೂರಿಸಿದ. ಅವುಗಳ ಮೇಲೆ ಶ್ರೀಮಂತರು ಕೂತರು!)

ತೊಡಕು ಇನ್ನೊಂದಿದೆ. ಅದೇ ಕಾಲದ ಕೆಲವು ಕುರ್ಚಿಗಳಿಗೆ ನಿಜವಾಗಿಯೂ ಸೂಜಿಯಲ್ಲಿ ಹಾಕಿದ ಉಣ್ಣೆಯ ಹೊದಿಕೆಯಿದೆ. ಕಸೂತಿ ಎಂಬ ಮಾತು ಅದಕ್ಕೆ ಸಲ್ಲಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ, ಮೂಲದಲ್ಲಿ ಇವೆರಡನ್ನೂ ಹೋಲಿಸುವ ಪುಟ ಕನ್ನಡದಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ.

ಟ್ಯಾಪೆಸ್ಟ್ರಿಗೆ ತಂತ್ರದಲ್ಲಿ ನವಲಗುಂದದ ಜಮಖಾನ ಹತ್ತಿರದ್ದು. ಅಲ್ಲಿಯೂ ನವಿಲು ಮೂಡುವುದು ಬಣ್ಣದ ಹೊಕ್ಕಿನಿಂದಲೇ. ಆದರೆ ಕುರ್ಚಿಗೆ ಜಮಖಾನ ಬಿಗಿದರು ಎಂದರೆ ಓದುಗರು ನಕ್ಕಾರು. ಸದ್ಯ ‘ಚಿತ್ರನೆಯ್ಗೆ’ ಎಂದು ಬರೆದುಕೊಂಡಿದ್ದೇನೆ. ಮಗ್ಗದ ಮನೆಗಳಲ್ಲಿ ಬಳಕೆಯಲ್ಲಿರುವ ಪದ ಸಿಕ್ಕರೆ ಇದನ್ನು ಸಂತೋಷದಿಂದ ಕೈಬಿಡುತ್ತೇನೆ.

ಕುರ್ಚಿಯ ಹೊದಿಕೆಗೆ ‘ಗವಸು’ ಕೂಡ ಹೊಂದುತ್ತಿಲ್ಲ. ಗವಸು ಎಂದರೆ ಕಳಚಿ ಒಗೆಯುವಂಥದ್ದು. ಇಲ್ಲಿಯದು ಕುದುರೆಕೂದಲು ತುಂಬಿ ಮೊಳೆ ಹೊಡೆದದ್ದು.

ಕೊನೆಗೆ ಬಡಗಿಯ ವಿಷಯ. ಆ ಕಾಲದ ಪ್ಯಾರಿಸ್ಸಿನಲ್ಲಿ ಬೀಚ್, ವಾಲ್‌ನಟ್‌ನಂಥ ಗಟ್ಟಿಮರದ ಕುರ್ಚಿ ಮಾಡುವವನು ಮೆನ್ವಿಸಿಯೇ. ಬೆಲೆಬಾಳುವ ಮರದ ತೆಳುಹಾಳೆ ಅಂಟಿಸಿ ಕಪಾಟು, ಮೇಜು ಮಾಡುವವನು ಎಬೆನಿಸ್ತ್. ಕೆತ್ತನೆಗಾರ ಮತ್ತೆ ಬೇರೆ. ಮೊದಲಿನವನನ್ನು ಬಡಗಿ ಎಂದರೆ ಎರಡನೆಯವನನ್ನು ಏನೆನ್ನೋಣ?