ಪರ್ಮಿಟ್ ಜಾಗದಲ್ಲಿ ಕಾರಿಗೆ ಕವರ್ ಹಾಕಿ ಊರಿಗೆ ಹೋಗಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಮೈಸೂರಿನವಳು, ಸನಿವೇಲ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ತಂಗಿಯ ಮದುವೆಗೆಂದು ಡಿಸೆಂಬರ್ ನಡುವಿನಿಂದ ಆರು ವಾರ ಮೈಸೂರಿಗೆ ಹೋಗುತ್ತಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನಗೆ ಶೆಡ್ಡಿನ ಕೆಳಗೆ ಜಾಗ ಸಿಕ್ಕಿಲ್ಲ. ಪರ್ಮಿಟ್ ಇದ್ದವರಿಗೆ ಮಾತ್ರ ಎಂದು ಬೋರ್ಡು ಹಾಕಿರುವ ಬಯಲು ಪಾರ್ಕಿಂಗಿನಲ್ಲಿ, ದೊಡ್ಡದೊಂದು ಮರದ ಕೆಳಗೆ ನನ್ನ ಹೊಸ ಬಿಳಿ ಕ್ಯಾಮ್ರಿ ಕಾರು ನಿಲ್ಲುತ್ತದೆ. ಸಂಜೆಯಾದರೆ ಆ ಮರಕ್ಕೆ ಕಾಗೆಗಳ ಹಿಂಡು ಬಂದು ಕೂರುತ್ತದೆ. 2022ರ ಆರಂಭದಲ್ಲಿ ಇಲ್ಲಿನ ನಗರಾಡಳಿತವೇ ಪೇಟೆಯ ಕಾಗೆಗಳನ್ನು ಓಡಿಸಲು ಲೇಸರ್ ಹಿಡಿದು ನಿಂತಿತ್ತೆಂದರೆ ಇಲ್ಲಿಯ ಕಾಗೆಗಳ ಕಾಟ ನಿಮಗೆ ಅರ್ಥವಾದೀತು. ಕವರ್ ಹಾಕಬೇಕೆಂದಿದ್ದೇನೆ. ಆದರೆ ಪರ್ಮಿಟ್ ಸ್ಟಿಕ್ಕರ್ ಇರುವುದು ಹಿಂದಿನ ಗಾಜಿನ ಒಳಬದಿಗೆ. ಕವರ್ ಎಳೆದರೆ ಅದೂ ನಂಬರ್ ಪ್ಲೇಟೂ ಎರಡೂ ಮುಚ್ಚಿಹೋಗುತ್ತವೆ. ಏನು ಮಾಡಲಿ?

ಸಾಗರದವನು, ಉತ್ತರ ಕ್ಯಾಲಿಫೋರ್ನಿಯಾ

ಧೈರ್ಯವಾಗಿ ಹಾಕಿ. ಇದನ್ನು ಹೇಳುವ ಹಕ್ಕನ್ನು ನಾನು ಐದು ತಿಂಗಳು ಓಡಾಡಿ ಸಂಪಾದಿಸಿದ್ದೇನೆ. ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಪಾರ್ಕಿಂಗಿನಲ್ಲಿ ವರ್ಷದ ಪರ್ಮಿಟ್‌ಗೆ ಹಣ ಕಟ್ಟಿ, ಕಾರಿಗೆ ಕವರ್ ಹಾಕಿ, ಎಂಟು ದಿನ ಸಮ್ಮೇಳನಕ್ಕೆ ಹೋಗಿ ಬಂದರೆ, ವೈಪರ್ ಇರುವ ಜಾಗದಲ್ಲಿ ಕವರಿನ ಮೇಲೆ ಮೂರು ದಂಡದ ಚೀಟಿಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ್ದರು. ಒಂದೊಂದಕ್ಕೆ 62 ಡಾಲರ್, ಒಟ್ಟು 186. ಕಾರಣವೆಂದು ಬರೆದಿದ್ದದ್ದು ‘ಪರ್ಮಿಟ್ ಕಾಣುತ್ತಿಲ್ಲ’ ಎಂಬ ಒಂದೇ ಸಾಲು. ಅಲ್ಲಿ ಪರ್ಮಿಟ್ ಎಂಬುದು ಕಾಗದದ ವಸ್ತುವೇ ಅಲ್ಲ, ನಂಬರ್ ಪ್ಲೇಟಿಗೆ ಜೋಡಿಸಿದ ದಾಖಲೆ. ಗಸ್ತಿನ ಕಾರಿನ ಮೇಲಿರುವ ಕ್ಯಾಮೆರಾ ಪ್ಲೇಟನ್ನು ಓದುತ್ತದೆ. ಅದಕ್ಕೆ ಓದಲಾಗದಿದ್ದರೆ ಗಸ್ತಿನವನು ಕೆಳಗಿಳಿದು ಕವರಿನ ತುದಿ ಎತ್ತಿ ನೋಡಬೇಕು. ಅವನು ಇಳಿಯಲಿಲ್ಲ.

ಕ್ಯಾಲಿಫೋರ್ನಿಯಾ ವಾಹನ ಸಂಹಿತೆಯ 5201ನೇ ಕಲಮನ್ನು ಒಮ್ಮೆ ಓದಿ. ನಂಬರ್ ಪ್ಲೇಟನ್ನು ಮುಚ್ಚಬಾರದೆನ್ನುವ ಅದೇ ಕಲಮು, ಸರಿಯಾದ ಜಾಗದಲ್ಲಿ ನಿಂತ ವಾಹನಕ್ಕೆ ಮಳೆ ಬಿಸಿಲಿನಿಂದ ರಕ್ಷಣೆಗೆಂದು ಹಾಕಿದ ಕವರ್ ಉಲ್ಲಂಘನೆಯಲ್ಲವೆಂದೂ, ಅಧಿಕಾರಿ ಪ್ಲೇಟು ನೋಡಲು ಬೇಕಾದಷ್ಟು ಮಾತ್ರ ಕವರನ್ನು ಸರಿಸಬಹುದೆಂದೂ ಹೇಳುತ್ತದೆ. ಚೀಟಿ ಕೊಟ್ಟ 21 ದಿನಗಳೊಳಗೆ ಮೊದಲ ಮರುಪರಿಶೀಲನೆಗೆ ಬರೆಯಬೇಕು. ಬರೆದೆ, ತಿರಸ್ಕರಿಸಿದರು. ಮುಂದಿನ ವಿಚಾರಣೆಗೆ ದಂಡದ ಹಣವನ್ನು ಮೊದಲೇ ಠೇವಣಿ ಇಡಬೇಕು, ಅದನ್ನೂ ಇಟ್ಟೆ. ಎರಡು ಚೀಟಿ ರದ್ದಾಗಿ 124 ಡಾಲರ್ ವಾಪಸ್ ಬಂತು. ಮೊದಲನೆಯ ಚೀಟಿಗೆ ನಾನು ಎರಡು ದಿನ ತಡವಾಗಿ ಬರೆದಿದ್ದರಿಂದ ಆ 62 ಹೋಯಿತು, ಅದರ ಸಂಕಟ ಇಂದಿಗೂ ಇದೆ.

ಹುಬ್ಬಳ್ಳಿಯವನು, ಸ್ಯಾಕ್ರಮೆಂಟೊ

ತಂಗೀ, ದಯವಿಟ್ಟು ಹಾಕಬೇಡಿ. ನಾನು ಕೊಟ್ಟ ಲೆಕ್ಕ ಮೊದಲು ನೋಡಿ. ಟೋ ಮಾಡಿದ್ದಕ್ಕೆ 338 ಡಾಲರ್. ಅವರ ಅಂಗಳದಲ್ಲಿ ಕಾರು ನಿಂತದ್ದಕ್ಕೆ ದಿನಕ್ಕೆ 75ರಂತೆ 13 ದಿನಕ್ಕೆ 975. ಲೀನ್, ಅಂದರೆ ಬಾಕಿಗಾಗಿ ಕಾರಿನ ಮೇಲೆ ಹಕ್ಕು ಹೂಡುವ ಕಾಗದಪತ್ರಕ್ಕೆ 70. ನಾನು ಭಾನುವಾರ ಹೋದೆನೆಂದು ಗೇಟು ತೆಗೆದದ್ದಕ್ಕೆ 110. ಒಟ್ಟು 1,493. ಇದು ತಿಂಗಳು ತಿಂಗಳು ಪರ್ಮಿಟ್‌ಗೆ ಹಣ ಕಟ್ಟುತ್ತಿದ್ದವನು ತೆತ್ತದ್ದು.

ತಂದೆಯವರ ವರ್ಷಾಂತಿಕಕ್ಕೆಂದು ಊರಿಗೆ ಹೋಗಿದ್ದೆ. ನಾನು ಅಲ್ಲಿದ್ದಾಗ, ಜನವರಿಯಲ್ಲಿ, ಅಪಾರ್ಟ್‌ಮೆಂಟಿನವರು ಟೋ ಕಂಪನಿಯನ್ನು ಬದಲಾಯಿಸಿದರು, ಪರ್ಮಿಟ್ ಸ್ಟಿಕ್ಕರನ್ನು ಹಸಿರಿನಿಂದ ನೀಲಿಗೆ ಬದಲಾಯಿಸಿದರು. ಎಲ್ಲ ಕಾರುಗಳ ಗಾಜಿಗೂ ಸೂಚನೆ ಅಂಟಿಸಿದರು. ನನ್ನ ಕಾರಿನ ಸೂಚನೆಯನ್ನು ಕವರಿನ ಮೇಲೆ ಅಂಟಿಸಿದರು. ಆ ಮಳೆಗೆ ಅದು ಎಷ್ಟು ಹೊತ್ತು ನಿಂತೀತು? ರಾತ್ರಿ ಹನ್ನೊಂದಕ್ಕೆ ವಿಮಾನ ನಿಲ್ದಾಣದಿಂದ ಮನೆಗೆ ಬಂದು, ಹೆಂಡತಿ ಮಕ್ಕಳನ್ನು ಸೂಟ್‌ಕೇಸುಗಳ ಜೊತೆ ನಿಲ್ಲಿಸಿ ನೋಡಿದರೆ ಕಾರಿಲ್ಲ. ಅಂಚೆ ಡಬ್ಬಿಯಲ್ಲಿ ಟೋ ಕಂಪನಿಯ ಕಾಗದ ಹತ್ತು ದಿನದಿಂದ ಬಿದ್ದುಕೊಂಡಿತ್ತು. ಕಾರು ಬಿಡಿಸಿಕೊಂಡಾಗ ಕವರನ್ನು ಒದ್ದೆಯಾಗಿಯೇ ಮುದ್ದೆಮಾಡಿ ಹಿಂದಿನ ಸೀಟಿಗೆ ತುರುಕಿದ್ದರು. ಸೀಟಿನ ಮೇಲೆ ಬೂಸ್ಟು ಬಂದು, ಕರಿ ಚುಕ್ಕೆಗಳು ಇಂದಿಗೂ ಹೋಗಿಲ್ಲ.

ಸಾಗರದವರು ಕಲಮು ಹೇಳಿದ್ದಾರೆ, ಆದರೆ ಅರ್ಧ ಹೇಳಿದ್ದಾರೆ. ಕವರ್ ಎತ್ತಿ ನೋಡುವ ಅಧಿಕಾರವನ್ನು ಆ ಕಲಮು ಕೊಟ್ಟಿರುವುದು ಪೊಲೀಸರಿಗೆ ಮತ್ತು ಪಾರ್ಕಿಂಗ್ ಕಾನೂನು ಜಾರಿಮಾಡುವ ಸರ್ಕಾರಿ ಸಂಸ್ಥೆಯ ಸಂಬಳದ ನೌಕರರಿಗೆ. ಖಾಸಗಿ ಅಪಾರ್ಟ್‌ಮೆಂಟಿನ ಟೋ ಲಾರಿಯವನು ಅದರಲ್ಲಿ ಎಲ್ಲಿ ಬರುತ್ತಾನೆ? ಈ ತಂಗಿಯ ಕಾರು ನಿಲ್ಲುವುದು ವಿಶ್ವವಿದ್ಯಾಲಯದಲ್ಲಲ್ಲ.

ಹಾಸನದವಳು, ಫ್ರೀಮಾಂಟ್

ನಾಲ್ಕು ವರ್ಷದಿಂದ ಪರ್ಮಿಟ್ ಜಾಗದಲ್ಲಿಯೇ ಕವರ್ ಹಾಕಿ ನಿಲ್ಲಿಸುತ್ತಿದ್ದೇನೆ, ಒಂದು ಚೀಟಿಯೂ ಬಂದಿಲ್ಲ. ಕವರ್ ಏಕೆ ಬೇಕೆಂದು ಕೇಳುವವರು 2020ರ ಸೆಪ್ಟೆಂಬರ್ 9ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಲಿ. ಕಾಡ್ಗಿಚ್ಚಿನ ಹೊಗೆಯಿಂದ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಹತ್ತು ಗಂಟೆಗೂ ಮನೆಯೊಳಗೆ ದೀಪ ಹಾಕಿಕೊಂಡಿದ್ದೆವು. ಆ ದಿನಗಳಲ್ಲಿ ನನ್ನ ಕಾರಿಗೆ ಕವರ್ ಇತ್ತು, ಪಕ್ಕದಲ್ಲೇ ನಿಂತಿದ್ದ ನಮ್ಮ ಯಜಮಾನರ ಕಾರಿಗೆ ಇರಲಿಲ್ಲ. ಬೂದಿ ಹಿಟ್ಟಿನಂತೆ ಕೂತಿತು, ರಾತ್ರಿಯ ಇಬ್ಬನಿಗೆ ನೆನೆಯಿತು, ಹಗಲು ಒಣಗಿತು, ಮತ್ತೆ ನೆನೆಯಿತು. ನಮ್ಮ ಅಜ್ಜಿ ಒಲೆಬೂದಿಯನ್ನು ನೀರಿನಲ್ಲಿ ನೆನೆಹಾಕಿ ಆ ತಿಳಿಯಲ್ಲಿ ಬಟ್ಟೆ ಒಗೆಯುತ್ತಿದ್ದರು, ಅದೇ ಬೂದಿಯಿಂದ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದರು. ಅದರ ಕ್ಷಾರ ಎಂಥದೆಂದು ಅವರ ಕೈ ನೋಡಿದರೆ ತಿಳಿಯುತ್ತಿತ್ತು. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ದಪ್ಪ ಸುಮಾರು 40–50 ಮೈಕ್ರಾನ್ ಅಷ್ಟೆ. ಯಜಮಾನರು ಒಣ ಬಟ್ಟೆಯಲ್ಲಿ ಒರೆಸಿಬಿಟ್ಟರು. ಬಾನೆಟ್ಟು ಮತ್ತು ಮೇಲ್ಭಾಗ ಮಂಕಾಗಿ, ಮರುಬಣ್ಣಕ್ಕೆ 1,150 ಡಾಲರ್ ಹೇಳಿದರು. ನನ್ನ ಕವರಿನ ಬೆಲೆ 214. ಕಾಗೆಯ ಹಿಕ್ಕೆಯೂ ಬೂದಿಗಿಂತ ಕಡಿಮೆಯದಲ್ಲ, ಅದರ ಯೂರಿಕ್ ಆಮ್ಲ ಬಿಸಿಲಿಗೆ ಕಾದ ಬಣ್ಣವನ್ನು ಕೊರೆಯುತ್ತದೆ.

ಪರ್ಮಿಟ್ ವಿಷಯಕ್ಕೆ ನಾನು ಮಾಡಿದ್ದು ಇಷ್ಟು. ಮ್ಯಾನೇಜರ್ ಬಳಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆದೆ. ಪರ್ಮಿಟ್ ಸಂಖ್ಯೆ, ಪ್ಲೇಟ್ ಸಂಖ್ಯೆ, ಮನೆ ಸಂಖ್ಯೆ ಮೂರನ್ನೂ ಬರೆದ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ, ಕವರಿನ ಹಿಂಭಾಗದಲ್ಲಿ ಪಾರದರ್ಶಕ ಜೇಬೊಂದನ್ನು ಹೊಲಿದು ಅದರೊಳಗೆ ಇಟ್ಟೆ. ಹುಬ್ಬಳ್ಳಿಯವರು ಇಷ್ಟು ಮಾಡಿದ್ದರೆ 1,493 ಡಾಲರ್ ಉಳಿಯುತ್ತಿತ್ತು.

ಹುಬ್ಬಳ್ಳಿಯವನು, ಸ್ಯಾಕ್ರಮೆಂಟೊ

ಅಕ್ಕಾ, ನಿಮ್ಮ ಜೇಬಿನಲ್ಲಿದ್ದ ಹಾಳೆಯಲ್ಲಿಯೂ ಹಳೆಯ ಹಸಿರು ಪರ್ಮಿಟ್ಟಿನ ಸಂಖ್ಯೆಯೇ ಇರುತ್ತಿತ್ತು. ನನ್ನ ನಷ್ಟಕ್ಕೆ ನನ್ನ ಅಜಾಗರೂಕತೆಯೇ ಕಾರಣವೆಂಬಂತೆ ಬರೆಯಬೇಡಿ.

ಸಾಗರದವನು, ಉತ್ತರ ಕ್ಯಾಲಿಫೋರ್ನಿಯಾ

ಹಾಗಾದರೆ ನಿಮ್ಮ ಕಾರು ಹೋದದ್ದು ಕವರಿನಿಂದಲ್ಲ, ಪರ್ಮಿಟ್ ಹಳೆಯದಾದದ್ದರಿಂದ. ಎರಡನ್ನೂ ಕಲಸಿ ಕೇಳಿದವರನ್ನು ಹೆದರಿಸುವುದು ಸರಿಯಲ್ಲ. ಅಲ್ಲದೆ ಅದೇ ಸಂಹಿತೆಯ 22658ನೇ ಕಲಮಿನಂತೆ, ಅಗ್ನಿಶಾಮಕ ವಾಹನಕ್ಕೆ ಮೀಸಲಾದ ದಾರಿಗೆ ಅಥವಾ ಪ್ರವೇಶದ್ವಾರಕ್ಕೆ ಅಡ್ಡ ನಿಂತಂಥ ಪ್ರಸಂಗಗಳನ್ನು ಬಿಟ್ಟರೆ, ಖಾಸಗಿ ಜಾಗದಿಂದ ಟೋ ಮಾಡುವವನು ಆ ನಿರ್ದಿಷ್ಟ ವಾಹನಕ್ಕೆ ಮಾಲೀಕನ ಅಥವಾ ಅವನ ಪ್ರತಿನಿಧಿಯ ಲಿಖಿತ ಅನುಮತಿ ಪಡೆದಿರಬೇಕು. ಆ ಕಾಗದವನ್ನು ತಾವು ಕೇಳಿದಿರಾ?

ಹುಬ್ಬಳ್ಳಿಯವನು, ಸ್ಯಾಕ್ರಮೆಂಟೊ

ಕೇಳಿದೆ, ತೋರಿಸಿದರು, ಮ್ಯಾನೇಜರ್ ಸಹಿ ಇತ್ತು. ಈಗ ನೀವು ಕೇಳಿ. ನಮ್ಮ ಮೇಲಿನ ಮನೆಯ ತೆಲುಗಿನವರೂ ಅದೇ ತಿಂಗಳು ಊರಿಗೆ ಹೋಗಿದ್ದರು, ಅವರ ಸ್ಟಿಕ್ಕರೂ ಹಸಿರಿನದೇ. ಅವರ ಕಾರಿಗೆ ಕವರ್ ಇರಲಿಲ್ಲ. ಮ್ಯಾನೇಜರ್ ಹಳೆಯ ಸ್ಟಿಕ್ಕರ್ ನೋಡಿ, ಇವರು ನಮ್ಮ ಬಾಡಿಗೆದಾರರೇ ಎಂದು ಫೋನ್ ಮಾಡಿದರು, ಅವರ ಗೆಳೆಯ ಬಂದು ನೀಲಿ ಸ್ಟಿಕ್ಕರ್ ಅಂಟಿಸಿ ಹೋದ. ನನ್ನದು ಯಾರ ಕಾರೆಂದೇ ಅವರಿಗೆ ತಿಳಿಯಲಿಲ್ಲ. ಈಗ ಹೇಳಿ, ಕವರಿನಿಂದ ಹೋಯಿತೋ ಇಲ್ಲವೋ?

ಬಳ್ಳಾರಿಯವನು, ಫೀನಿಕ್ಸ್

ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದ ನನಗೂ ಇಲ್ಲಿಯ ಬಿಸಿಲು ಹೊಸದೇ ಆಗಿತ್ತು. 2023ರಲ್ಲಿ ಸತತ 31 ದಿನ ಇಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 43 ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿಲು ಕಾಯಿತು. ಅರಿಜೋನಾದಲ್ಲಿ ನಂಬರ್ ಪ್ಲೇಟ್ ಹಿಂಬದಿಗೆ ಮಾತ್ರ. ಆದ್ದರಿಂದ ನಮ್ಮ ಆಫೀಸಿನ ಪರ್ಮಿಟ್ ಜಾಗದಲ್ಲಿ ರಿವರ್ಸ್ ಹಾಕಿ ನಿಲ್ಲಿಸುವಂತಿಲ್ಲ, ಪ್ಲೇಟು ದಾರಿಯ ಕಡೆಗೇ ಇರಬೇಕು. ಅದಕ್ಕಾಗಿ ಪ್ಲೇಟಿನ ಜಾಗದಲ್ಲಿ ಪಾರದರ್ಶಕ ಕಿಟಕಿ ಇರುವ ಕವರನ್ನೇ 160 ಡಾಲರ್ ಕೊಟ್ಟು ತಂದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಕಿಟಕಿ ಹಳದಿಯಾಗಿ, ಹಪ್ಪಳದಂತೆ ಗರಿಗರಿಯಾಗಿ, ಬೆರಳು ತಾಗಿಸಿದರೆ ಮುರಿಯಿತು. ಅದಕ್ಕಿಂತ ದೊಡ್ಡ ನೋವು ಬಣ್ಣದ್ದು. ಮುಂಗಾರಿನ ಧೂಳುಗಾಳಿ ಎದ್ದಾಗ ನುಣ್ಣನೆಯ ಮಣ್ಣು ಕವರಿನ ಅಡಿಗೆ ನುಗ್ಗಿತು, ಗಾಳಿ ಕವರನ್ನು ಇಡೀ ರಾತ್ರಿ ಪಟಪಟನೆ ಬಡಿಯಿತು. ಬೆಳಿಗ್ಗೆ ಕರಿ ಕಾರಿನ ಬಾಗಿಲಿನ ಅಂಚುಗಳ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಗೀರುಗಳು. ಪಾಲಿಶ್ ಮಾಡಿಸಲು 480 ಡಾಲರ್. ಹಾಸನದವರು ಕವರನ್ನು ಕವಚವೆಂದು ತಿಳಿದಿದ್ದಾರೆ, ನನ್ನ ಕಾರಿಗೆ ಅದು ಉಪ್ಪುಕಾಗದವಾಯಿತು.

ಹಾಸನದವಳು, ಫ್ರೀಮಾಂಟ್

ಕೊಳೆಯಾದ ಕಾರಿಗೆ ಸಡಿಲವಾದ ಕವರ್ ಹಾಕಿದರೆ ಉಪ್ಪುಕಾಗದವೇ ಆಗುತ್ತದೆ. ಅಳತೆಗೆ ಹೊಲಿದ ಕವರ್ ತರಬೇಕು, ತೊಳೆದು ಪೂರ್ತಿ ಒಣಗಿದ ಮೇಲೆಯೇ ಹೊದಿಸಬೇಕು, ಹೊಟ್ಟೆಯ ಅಡಿಯಿಂದ ಪಟ್ಟಿ ಬಿಗಿಯಬೇಕು. ಇದನ್ನು ಮಾಡದವರು ಕವರನ್ನು ದೂರಬಾರದು.

ಬಳ್ಳಾರಿಯವನು, ಫೀನಿಕ್ಸ್

ಮೇಡಂ, ತೊಳೆದೇ ಹಾಕಿದ್ದೆ, ಪಟ್ಟಿಯೂ ಬಿಗಿದಿತ್ತು. ಫ್ರೀಮಾಂಟಿನ ತಂಗಾಳಿಯಲ್ಲಿ ಕೂತು ಮರುಭೂಮಿಯ ಗಾಳಿಗೆ ತೀರ್ಪು ಕೊಡಬೇಡಿ.

ಮಂಗಳೂರಿನವನು, ಸ್ಯಾನ್ ಹೋಸೆ

ನಾನು ನಮ್ಮ ಕಾಂಡೊ (ಸ್ವಂತ ಫ್ಲ್ಯಾಟುಗಳ ಸಮುಚ್ಚಯ) ಸಮಿತಿಯಲ್ಲಿ ಆರು ವರ್ಷದಿಂದ ಇದ್ದೇನೆ, ಪಾರ್ಕಿಂಗ್ ನನ್ನ ಹೊಣೆ. ಮ್ಯಾನೇಜರುಗಳು ಕವರ್ ಕಂಡರೆ ಏಕೆ ಸಿಡುಕುತ್ತಾರೆಂದು ಯಾರೂ ಬರೆದಿಲ್ಲ. ಕಳೆದ ವರ್ಷ ನಮ್ಮ ಆವರಣದಲ್ಲಿ ಕವರ್ ಹಾಕಿದ್ದ ಒಂಬತ್ತು ಕಾರುಗಳ ಮಾಲೀಕರಿಗೆ ಬರೆದು ತೆರೆಸಿದೆವು. ನಾಲ್ಕಕ್ಕೆ ಪರ್ಮಿಟ್ಟೇ ಇರಲಿಲ್ಲ, ಒಂದರ ನೋಂದಣಿ ಎರಡು ವರ್ಷದ ಹಿಂದೆಯೇ ಮುಗಿದಿತ್ತು. ನಮ್ಮ ನಿವಾಸಿಗಳೇ ಮನೆಯ ಮೂರನೆಯ ಕಾರನ್ನು ಕವರಿನ ಅಡಿ ಬಚ್ಚಿಟ್ಟು, ಹಣ ಕಟ್ಟಿದ ನೆರೆಯವರಿಗೆ ಜಾಗವಿಲ್ಲದಂತೆ ಮಾಡುತ್ತಾರೆ. ಹುಬ್ಬಳ್ಳಿಯವರ ಮ್ಯಾನೇಜರ್ ತಮ್ಮ ಕೆಲಸ ಮಾಡಿದ್ದಾರೆ.

ಹುಬ್ಬಳ್ಳಿಯವನು, ಸ್ಯಾಕ್ರಮೆಂಟೊ

ಸ್ವಾಮಿ, ನೀವು ಮಾಲೀಕರಿಗೆ ಬರೆದು ತೆರೆಸಿದಿರಿ. ನನಗೆ ಯಾರು ಬರೆದರು? ಒಂದು ಫೋನ್, ಒಂದು ಇಮೇಲ್? ನನ್ನ ಎರಡೂ ವಿಳಾಸಗಳು ಬಾಡಿಗೆ ಕರಾರಿನ ಮೊದಲ ಪುಟದಲ್ಲೇ ಇದ್ದವು. ಕಳ್ಳತನದಿಂದ ನಿಲ್ಲಿಸುವ ನಾಲ್ವರಿಗಾಗಿ ಪ್ರಾಮಾಣಿಕನ ಕಾರನ್ನು ಎಳೆದೊಯ್ಯುವುದನ್ನು ಕೆಲಸವೆಂದು ಕರೆಯಬೇಡಿ. ಈ ಮಾತು ನನಗೆ ಬಹಳ ನೋವು ಮಾಡಿದೆ.

ಮಂಗಳೂರಿನವನು, ಸ್ಯಾನ್ ಹೋಸೆ

ನಿಮ್ಮನ್ನು ಕಳ್ಳರೆಂದು ನಾನು ಹೇಳಿಲ್ಲ. ಆದರೆ ಮುಚ್ಚಿದ ಕಾರು ಯಾರದೆಂದು ಊಹಿಸುವುದು ಸಮಿತಿಯ ಹೊಣೆಯಲ್ಲ, ತಿಳಿಸುವುದು ಮಾಲೀಕನ ಹೊಣೆ.

ಮೈಸೂರಿನವಳು, ಸನಿವೇಲ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳು. ಮ್ಯಾನೇಜರ್‌ಗೆ ಇಮೇಲ್ ಮಾಡಿದ್ದೆ. ಕವರ್ ಹಾಕಬಹುದು, ಆದರೆ ಹಿಂಭಾಗವನ್ನು ಮಡಚಿ ಪ್ಲೇಟು ಕಾಣುವಂತೆ ಬಿಡಬೇಕು, ಪರ್ಮಿಟ್ಟಿನ ಪ್ರತಿ ಹೊರಗೆ ಕಾಣಬೇಕು ಎಂದು ಉತ್ತರ ಬಂದಿದೆ. ಹಾಸನದ ಅಕ್ಕಾ, ಆ ಜೇಬನ್ನು ಹೊಲಿಯಲೇಬೇಕೇ, ಟೇಪ್ ಹಾಕಿದರೆ ಸಾಲದೇ?

ಹಾಸನದವಳು, ಫ್ರೀಮಾಂಟ್

ಟೇಪು ಇಬ್ಬನಿಗೆ ಮೂರು ದಿನವೂ ನಿಲ್ಲುವುದಿಲ್ಲ. ಹೊಲಿಯಿರಿ, ಜೇಬಿನ ಬಾಯಿ ಕೆಳಮುಖವಾಗಿರಲಿ, ಇಲ್ಲವಾದರೆ ಮಳೆನೀರು ತುಂಬುತ್ತದೆ. ಹೊಲಿಗೆಯ ತೂತುಗಳ ಮೇಲೆ ಒಳಬದಿಯಿಂದ ಮೆತ್ತನೆಯ ಬಟ್ಟೆಯ ತುಂಡೊಂದನ್ನು ಕೊಡಿ, ದಾರದ ಗಂಟು ಬಣ್ಣಕ್ಕೆ ತಾಗಬಾರದು.

ಹುಬ್ಬಳ್ಳಿಯವನು, ಸ್ಯಾಕ್ರಮೆಂಟೊ

ಹಾಕುವುದೆಂದು ನಿರ್ಧರಿಸಿದ್ದರೆ ಇದನ್ನಾದರೂ ಮಾಡಿ, ತಂಗೀ. ಹೊಸ ವರ್ಷಕ್ಕೆ ಪರ್ಮಿಟ್ ಬದಲಾಗುತ್ತದೆಯೇ ಎಂದು ಹೊರಡುವ ಮುನ್ನ ಮ್ಯಾನೇಜರ್‌ಗೆ ಇನ್ನೊಂದು ಇಮೇಲ್ ಮಾಡಿ, ಉತ್ತರ ಬರುವವರೆಗೆ ಬಿಡಬೇಡಿ. ಕಾರಿನ ಕೀಲಿಯನ್ನು ನೆರೆಮನೆಯಲ್ಲಿ ಕೊಟ್ಟು, ಜನವರಿಯ ಮೊದಲ ಎರಡು ವಾರ ದಿನಕ್ಕೊಮ್ಮೆ ಕವರಿನ ಮೇಲೆ ಏನಾದರೂ ಅಂಟಿಸಿದ್ದಾರೆಯೇ ಎಂದು ನೋಡಲು ಹೇಳಿ. ಮಳೆ ಬಂದ ಮರುದಿನ ಕಾರಿನ ಸುತ್ತ ನೆಲದ ಮೇಲೆಯೂ ನೋಡಲಿ.