ಹಲ್ಮಿಡಿಯಲ್ಲೊಂದು ಡಬ್ಬಿ

ಹಲ್ಮಿಡಿಯ ಶಾಸನಮಂಟಪದ ಆಸುಪಾಸಿನಲ್ಲಿ ತಾನೊಂದು ನಿಧಿಯನ್ನು ಬಚ್ಚಿಡಲಿರುವುದಾಗಿ ಸೀನು ಪ್ರಕಟಿಸಿದಾಗ, ಶಾಮರಾಯರ ಕೈಯಲ್ಲಿದ್ದ ಕೋಡುಬಳೆ ಬಾಯಿಗೆ ಹೋಗದೆ ನಿಂತಿತು.

“ಎಷ್ಟು ತೊಲ?” ಎಂದು ನಂಜುಂಡ ಕೇಳಿದ.

“ಚಿನ್ನವಲ್ಲವೋ, ಪ್ಲಾಸ್ಟಿಕ್ ಡಬ್ಬಿ. ಒಳಗೊಂದು ಪುಟ್ಟ ಪುಸ್ತಕವೂ ಪೆನ್ಸಿಲ್ಲೂ ಇರುತ್ತವೆ. ಅಕ್ಷಾಂಶ ರೇಖಾಂಶಗಳನ್ನು ನೋಡಿಕೊಂಡು ಮೊಬೈಲು ಹಿಡಿದು ಬಂದವರು, ಅದರಲ್ಲಿ ತಮ್ಮ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಹೋಗುತ್ತಾರೆ. ಇದಕ್ಕೆ ಜಿಯೋಕ್ಯಾಶಿಂಗ್ ಎನ್ನುತ್ತಾರೆ.”

“ಹೆಸರು ಬರೆಯಲು ನಮ್ಮವರಿಗೆ ಗುಡಿಯ ಗೋಡೆ ಸಾಲುತ್ತಿತ್ತು” ಎಂದರು ರಾಯರು. “ಗೋಡೆ ಉಳಿಯುತ್ತದೆ ಎಂಬಷ್ಟರ ಮಟ್ಟಿಗೆ ನಿನ್ನ ಆಟಕ್ಕೆ ನನ್ನ ಆಶೀರ್ವಾದವಿದೆ.”

ಸೀನು ಹುರುಪಿನಿಂದ ಚರಿತ್ರೆಗೆ ಇಳಿದ. ಉಪಗ್ರಹಗಳಿಂದ ನೆಲೆ ತಿಳಿಸುವ ಜಿಪಿಎಸ್‌ನಲ್ಲಿ ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ಅಮೆರಿಕ ಸರ್ಕಾರವು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತಂತೆ; ನೆಲೆ ನಿಖರವಾಗಿ ಸಿಗತೊಡಗಿದ್ದನ್ನು ಪರೀಕ್ಷಿಸಲೆಂದು ಮೇ 3ರಂದು ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ಟನ್ನು ಅಡಗಿಸಿಟ್ಟರಂತೆ; ಅದರಲ್ಲಿದ್ದ ಸಾಮಾನುಗಳ ಪೈಕಿ ಕಾಳಿನ ಡಬ್ಬಿಯೂ ಒಂದಂತೆ.

“ಸ್ವಂತ ಅಡುಗೆಮನೆಯಲ್ಲಿ ತೊಗರಿಬೇಳೆಯ ಡಬ್ಬಿ ಎಲ್ಲಿದೆಯೆಂದು ತಿಳಿಯದ ಗಂಡಸರು, ಉಪಗ್ರಹಗಳ ನೆರವಿನಿಂದ ಕಾಡಿನಲ್ಲಿ ಕಾಳಿನ ಡಬ್ಬಿ ಹುಡುಕಲು ಹೊರಟರೆನ್ನು.”

“ನೆಲ ಅಗೆಯುವಂತಿಲ್ಲ ರಾಯರೇ, ಅದು ಕಟ್ಟುನಿಟ್ಟಾದ ನಿಯಮ. ಆಟ ಗೊತ್ತಿಲ್ಲದವರ ಕಣ್ಣಿಗೆ ಬೀಳದ ಹಾಗೆ ಹುಡುಕಬೇಕು, ಅಷ್ಟೇ.”

“ಸರಿ ಹೋಯಿತು. ನಿಧಿಯಾಸೆಗೆ ವೀರಗಲ್ಲುಗಳನ್ನೇ ಕಿತ್ತೆಸೆಯುವ ಕಳ್ಳರಿರುವ ಕಾಲದಲ್ಲಿ, ಅಪರಿಚಿತನೊಬ್ಬ ಹಳೆಯ ಕಲ್ಲಿನ ಸುತ್ತ ಸುಳಿದಾಡುತ್ತ, ಯಾರಾದರೂ ಬಂದರೆ ಮರೆಗೆ ಸರಿಯುತ್ತ, ಹಿಡಿದು ಕೇಳಿದರೆ ‘ನಿಧಿ ಹುಡುಕುತ್ತಿದ್ದೇನೆ’ ಎಂದು ಸತ್ಯವನ್ನೇ ನುಡಿದರೆ, ಊರಿನವರು ಅವನಿಗೆ ಕಾಫಿ ಕೊಡುತ್ತಾರೆಯೇ? ಮೊದಲು ಊರವರ ಒಪ್ಪಿಗೆ ಪಡೆ. ಪುಸ್ತಕದ ಜೊತೆಗೆ ಜಾಮೀನಿನ ಅರ್ಜಿಯನ್ನೂ ಡಬ್ಬಿಯಲ್ಲಿಡು.”

“ಹಾಗಾದರೂ ನಾಲ್ಕು ಜನ ಶಾಸನ ನೋಡುತ್ತಾರಲ್ಲ?”

“ಅಲ್ಲಿರುವುದು ಪ್ರತಿಕೃತಿ. ಮೂಲದ ಕಲ್ಲು ಮೈಸೂರು ಸೇರಿದೆ. ಸುಮಾರು 450ರಲ್ಲಿ ಕೆತ್ತಿದ ಆ 16 ಸಾಲುಗಳಿಗೆ ಯಾರೂ ಅಕ್ಷಾಂಶ ಕೊಟ್ಟಿರಲಿಲ್ಲ, 1936ರಲ್ಲಿ ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಅವರು ಬಂದು ಗುರುತಿಸುವವರೆಗೆ ಕಲ್ಲು ಸುಮ್ಮನೆ ಕಾದಿತ್ತು. ನಿನ್ನವರು ಡಬ್ಬಿ ಸಿಕ್ಕಿದೊಡನೆ ಬೆನ್ನು ತಿರುಗಿಸುತ್ತಾರೆ.”

“ಸಾಲುಗಳನ್ನು ಎಣಿಸಿದರೆ ಮಾತ್ರ ಡಬ್ಬಿಯ ನೆಲೆ ತಿಳಿಯುವಂತೆ ಮಾಡಬಹುದು, ಅಂಥ ಬಗೆಯೂ ಉಂಟು.”

“ಎಣಿಸುತ್ತಾರೆ, ಓದುವುದಿಲ್ಲ.” ರಾಯರು ಒಂದು ಕ್ಷಣ ಸುಮ್ಮನಾದರು. “ನಾವಾದರೂ ಏನು ಓದಿದ್ದೇವೆ? ಕನ್ನಡದ ಮೊದಲ ಶಾಸನ ಯಾವುದೆಂಬ ಪ್ರಶ್ನೆಗೆ ಊರಿನ ಹೆಸರು ಬರೆದು ಒಂದು ಅಂಕ ಗಿಟ್ಟಿಸಿಕೊಂಡೆವು. ಕಾದಾಡಿದ ವಿಜ ಅರಸನಿಗೆ ಎರಡು ಊರುಗಳು ದಾನವಾಗಿ ಸಿಕ್ಕವೆಂಬುದು ನಮಗೆ ಯಾರಿಗೆ ನೆನಪಿದೆ?”

“ಅದಿರಲಿ, ಡಬ್ಬಿಯನ್ನೇ ಯಾರಾದರೂ ಹೊತ್ತೊಯ್ದರೆ?” ಎಂದ ನಂಜುಂಡ.

“ದಾನವನ್ನು ಕದ್ದವನಿಗೆ ಮಹಾಪಾತಕ ಎಂದು ಶಾಸನದಲ್ಲಿಯೇ ಇದೆ. ಮುಚ್ಚಳದ ಮೇಲೆ ಅದನ್ನು ಬರೆಯಿಸು.”

ಸೀನು ಅದನ್ನು ಶ್ರದ್ಧೆಯಿಂದ ಮೊಬೈಲಿನಲ್ಲಿ ಗುರುತು ಹಾಕಿಕೊಂಡು, ಆ ಪಾತಕವು ಪ್ಲಾಸ್ಟಿಕ್ಕಿಗೂ ಅನ್ವಯಿಸುವುದೇ ಎಂದು ವಿಚಾರಿಸಿದ.