ಹೆಡ್ ಸ್ಟಡ್ ಟೈಟ್ ಮಾಡುವಾಗ ಯಾವ ಟಾರ್ಕ್ ಹಿಡಿಯಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಒಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಮೊದಲು ಇದ್ದದ್ದು ಒಂದೇ ಸಲ ಬಳಸಿ ಬಿಸಾಡುವ ಹೆಡ್ ಬೋಲ್ಟ್. ಅದರ ಬದಲು ಈಗ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ, ಮೇಲೆ ನಟ್ ಹಾಕುವ ಸರಳು) ಸೆಟ್ ತಂದಿಟ್ಟಿದ್ದೇನೆ, ಒಟ್ಟು 10. ಹೆಡ್‌ಗೂ ಬ್ಲಾಕಿಗೂ ನಡುವೆ ಸೋರದಂತೆ ಕೂರುವ ಗ್ಯಾಸ್ಕೆಟ್ ಪದರ ಪದರದ ಸ್ಟೀಲ್‌ನದ್ದು.

ಸರ್ವಿಸ್ ಪುಸ್ತಕದಲ್ಲಿ ಬೋಲ್ಟಿಗೆ 40 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಆಮೇಲೆ 90 ಡಿಗ್ರಿ ತಿರುವು, ಮತ್ತೆ 90 ಡಿಗ್ರಿ ಅಂತ ಇದೆ. ಸ್ಟಡ್ ಜೊತೆ ಬಂದ ಹಾಳೆಯಲ್ಲಿ ಡಿಗ್ರಿಯ ಮಾತೇ ಇಲ್ಲ. 65 ಫುಟ್ ಪೌಂಡ್, ಮೂರು ಸುತ್ತಿನಲ್ಲಿ, ಅವರೇ ಕೊಟ್ಟ ಪೇಸ್ಟ್ ಹಚ್ಚಿ ಅಂತಿದೆ. ಯಾವುದನ್ನು ನಂಬಲಿ? ಸ್ಟಡ್ ಅನ್ನು ಬ್ಲಾಕಿಗೆ ಎಷ್ಟು ಬಿಗಿಯಾಗಿ ಹಾಕಬೇಕು? ಎರಡು ನಟ್ ಕೂಡಿಸಿ ಜೋರಾಗಿ ಕೂರಿಸು ಎಂದು ಒಬ್ಬ ಗೆಳೆಯ ಹೇಳಿದ. ಪೇಸ್ಟ್ ಬದಲು ಎಂಜಿನ್ ಆಯಿಲ್ ನಡೆಯುತ್ತಾ? ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ಟೈಟ್ ಮಾಡಬೇಕಾ?

ಉತ್ತರ 1:

ಸ್ಟಡ್ ಹಾಕುತ್ತಿದ್ದೀರಿ ಅಂದ್ರೆ ಸ್ಟಡ್‌ನ ಹಾಳೆಯೇ ಲೆಕ್ಕ. ಪುಸ್ತಕದ ಡಿಗ್ರಿ ಆ ಹಳೆಯ ಬೋಲ್ಟಿಗೆ ಮಾತ್ರ. 65 ಫುಟ್ ಪೌಂಡ್ ಅಂದ್ರೆ ಸುಮಾರು 88 ನ್ಯೂಟನ್ ಮೀಟರ್. ರೆಂಚಿನಲ್ಲಿ ಯಾವ ಸ್ಕೇಲ್ ಓದುತ್ತಿದ್ದೀರಿ ಅಂತ ಎರಡು ಸಲ ನೋಡಿಕೊಳ್ಳಿ.

ಉತ್ತರ 2:

ನಾನು ಎಂಜಿನ್ ಕಟ್ಟುವ ಕೆಲಸವನ್ನೇ ಮಾಡುವವನು. ಮೇಲಿನವರು ಹೇಳಿದ್ದು ಸರಿ. ಯಾಕೆ ಅನ್ನುವುದನ್ನೂ ಹೇಳುತ್ತೇನೆ, ಅದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳೂ ಬಗೆಹರಿಯುತ್ತವೆ.

ಹೆಡ್ ಅನ್ನು ಹಿಡಿದಿಡುವುದು ಟಾರ್ಕ್ ಅಲ್ಲ. ಸ್ಟಡ್ ಕೂದಲೆಳೆಯಷ್ಟು ಉದ್ದವಾಗುತ್ತದೆ, ಮತ್ತೆ ಗಿಡ್ಡವಾಗಲು ನೋಡುತ್ತದೆ. ಆ ಎಳೆತವೇ ಗ್ಯಾಸ್ಕೆಟ್ ಅನ್ನು ಒತ್ತಿ ಹಿಡಿಯುವುದು. ಸ್ಟಡ್ ಎಷ್ಟು ಹಿಗ್ಗಿತು ಅಂತ ಬ್ಲಾಕಿನೊಳಗೆ ಅಳೆಯಲು ನಮಗೆ ಆಗುವುದಿಲ್ಲ, ಅದಕ್ಕೇ ಟಾರ್ಕ್ ನೋಡುತ್ತೇವೆ. ಆದರೆ ನಾವು ಕೊಡುವ ಟಾರ್ಕ್‌ನಲ್ಲಿ ಸುಮಾರು ಅರ್ಧ ನಟ್‌ನ ತಳ ವಾಷರ್ ಮೇಲೆ ಉಜ್ಜುವುದಕ್ಕೇ ಹೋಗುತ್ತದೆ. ಶೇಕಡ 40ರಷ್ಟು ಥ್ರೆಡ್‌ನ ತಿಕ್ಕಾಟಕ್ಕೆ ಹೋಗುತ್ತದೆ. ಸ್ಟಡ್ ಎಳೆಯಲು ಉಳಿಯುವುದು ಶೇಕಡ 10ರ ಆಸುಪಾಸು ಅಷ್ಟೇ.

ಈಗ ಯೋಚನೆ ಮಾಡಿ. ಜಾರುವ ಪೇಸ್ಟ್ ಹಚ್ಚಿ ತಿಕ್ಕಾಟ 90ರಿಂದ 80ಕ್ಕೆ ಇಳಿಯಿತು ಅಂದುಕೊಳ್ಳಿ. ಸ್ಟಡ್‌ಗೆ ಸಿಗುವ ಪಾಲು 10ರಿಂದ 20 ಆಗುತ್ತದೆ. ರೆಂಚ್ ತೋರಿಸುವುದು ಅದೇ 88, ಎಳೆತ ಮಾತ್ರ ಎರಡರಷ್ಟು! ಆದ್ದರಿಂದ ಪೇಸ್ಟ್ ಮತ್ತು ಅಂಕಿ ಒಂದು ಜೋಡಿ. ಪೇಸ್ಟಿಗೆ ಕೊಟ್ಟ ಅಂಕಿಯನ್ನು ಎಂಜಿನ್ ಆಯಿಲ್ ಹಚ್ಚಿ ಹಿಡಿದರೆ ಎಳೆತ ಕಡಿಮೆ ಬೀಳುತ್ತದೆ, ಗ್ಯಾಸ್ಕೆಟ್ ಸೋರಬಹುದು. ಆಯಿಲ್‌ನ ಅಂಕಿಗೆ ಪೇಸ್ಟ್ ಹಚ್ಚಿದರೆ ಜಾಸ್ತಿ ಎಳೆದು ಸ್ಟಡ್ ಹಾಳಾಗುತ್ತದೆ. ಪೇಸ್ಟ್ ಕೊಟ್ಟಿದ್ದಾರೆ, ಅದನ್ನೇ ಹಚ್ಚಿ. ನಟ್ ಕಡೆಯ ಥ್ರೆಡ್, ನಟ್‌ನ ತಳ, ವಾಷರ್‌ನ ಮೇಲ್ಮುಖ, ಈ ಮೂರೂ ಕಡೆ. ವಾಷರ್ ಕೆಳಗೆ ಬೇಡ. ಅಲ್ಲಿ ಹಚ್ಚಿದರೆ ನಟ್ ಜೊತೆ ವಾಷರೂ ತಿರುಗುತ್ತದೆ, ಅಲ್ಯೂಮಿನಿಯಂ ಉಜ್ಜಿಹೋಗುತ್ತದೆ, ಲೆಕ್ಕವೂ ತಪ್ಪುತ್ತದೆ.

ಸ್ಟಡ್ ಅನ್ನು ಬ್ಲಾಕಿಗೆ ಕೈಯಲ್ಲೇ ಹಾಕಿ. ಮೇಲ್ತುದಿಯಲ್ಲಿ ಅಲೆನ್ ಕೀ ಗುಂಡಿ ಇದ್ದರೆ ಅದರಿಂದ ಹಗುರಾಗಿ ಕೂರಿಸಿದರೆ ಸಾಕು. ಹಾಳೆಯಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದರಂತೆ ಮಾಡಿ. ಎರಡು ನಟ್ ಕೂಡಿಸುವ ಉಪಾಯ ಸ್ಟಡ್ ಬಿಚ್ಚುವುದಕ್ಕೆ ಚೆನ್ನ. ಹಾಕುವಾಗ ಹಾಗೆ ಜೋರು ಮಾಡಿದರೆ ಸ್ಟಡ್‌ನ ತುದಿ ಗುಂಡಿಯ ತಳಕ್ಕೆ ಒತ್ತಿ ಕೂರುತ್ತದೆ, ಇಲ್ಲವೇ ಥ್ರೆಡ್ ಮುಗಿಯುವ ಜಾಗದಲ್ಲಿ ಸಿಕ್ಕಿಕೊಂಡು ಬ್ಲಾಕಿನ ಅಂಚನ್ನು ಉಬ್ಬಿಸುತ್ತದೆ. ಸ್ಟಡ್ ಓರೆಯಾಗಿ ನಿಲ್ಲುವುದೂ ಉಂಟು. ಸ್ಟಡ್‌ಗೆ ಬೇಕಾದ ಎಳೆತವೆಲ್ಲ ಮೇಲಿನ ನಟ್‌ನಿಂದಲೇ ಬರುತ್ತದೆ, ಕೆಳಗೆ ಬಲ ಹಾಕಿ ಏನೂ ಲಾಭ ಇಲ್ಲ. ಥ್ರೆಡ್ ಲಾಕ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚುವುದಾದರೆ ಅದು ಗಟ್ಟಿಯಾಗುವ ಮೊದಲೇ ಹೆಡ್ ಕೂರಿಸಿ ಕೊನೆಯ ಟಾರ್ಕ್ ತನಕ ಮುಗಿಸಿಬಿಡಿ. ಇಲ್ಲದಿದ್ದರೆ ಸ್ಟಡ್ ಓರೆಯಲ್ಲೇ ಅಂಟಿಕೊಳ್ಳುತ್ತದೆ.

ಸ್ಟಡ್ ಕೂರುವ ಬ್ಲಾಕಿನ ಗುಂಡಿಗಳ ಬಗ್ಗೆ ನೀವು ಕೇಳಿಲ್ಲ. ಕೇಳಬೇಕಿತ್ತು, ಯಾಕಂದ್ರೆ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. ತಳ ಮುಚ್ಚಿದ ಗುಂಡಿಯಲ್ಲಿ ಆಯಿಲ್ ಅಥವಾ ಕೂಲೆಂಟ್ ಉಳಿದಿದ್ದರೆ ಸ್ಟಡ್ ಇಳಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ದ್ರವ ಕುಗ್ಗುವುದಿಲ್ಲ, ಬ್ಲಾಕ್ ಸೀಳುತ್ತದೆ. ಎರಕದ ಕಬ್ಬಿಣವಾದರೂ ಸೀಳುತ್ತದೆ. ಕ್ಲೀನರ್ ಹೊಡೆದು, ಗಾಳಿ ಊದಿ, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ನೋಡಿ, ಒಣಗಿಯೇ ಬರಬೇಕು. ಊದುವಾಗ ಕಣ್ಣಿಗೆ ಕನ್ನಡಕ ಇರಲಿ. ಥ್ರೆಡ್ ಸ್ವಚ್ಛ ಮಾಡಲು ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಹಾಕಬೇಡಿ, ಅದು ಲೋಹವನ್ನೇ ಕೆರೆದು ತೆಗೆಯುತ್ತದೆ. ಲೋಹ ಕೆರೆಯದೆ ಥ್ರೆಡ್ ಸ್ವಚ್ಛ ಮಾಡುವ ಚೇಸರ್ ಸಿಕ್ಕರೆ ಒಳ್ಳೆಯದು. ಇಲ್ಲವೇ ಅದೇ ಅಳತೆಯ ಹಳೆಯ ಬೋಲ್ಟಿಗೆ ಉದ್ದಕ್ಕೆ ಎರಡು ಮೂರು ಸೀಳು ಕೊಯ್ದು ಕೈಯಲ್ಲಿ ಇಳಿಸಿ. ಯಾವುದಾದರೂ ಗುಂಡಿ ಕೂಲೆಂಟ್ ಹರಿಯುವ ಜಾಗಕ್ಕೆ ತೆರೆದುಕೊಂಡಿದ್ದರೆ ಆ ಸ್ಟಡ್‌ನ ಕೆಳಗಿನ ಥ್ರೆಡ್‌ಗೆ ಸೀಲರ್ ಬೇಕೇ ಬೇಕು.

ಹೆಡ್ ಇಟ್ಟ ಮೇಲೆ ಎಲ್ಲ ನಟ್ ಕೈಯಲ್ಲೇ ವಾಷರ್ ತನಕ ಇಳಿಯುತ್ತಾ ನೋಡಿ. ಟೈಟ್ ಮಾಡುವುದು ನಡುವಿನ ಜೋಡಿಯಿಂದ. ಅಲ್ಲಿಂದ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಕೊನೆಗೆ ತುದಿಯ ಜೋಡಿಗಳು. ಪುಸ್ತಕದ ಚಿತ್ರದಲ್ಲಿ ಇರುವ ಕ್ರಮ ಸ್ಟಡ್‌ಗೂ ಅದೇ. ತುದಿಯಿಂದ ಶುರು ಮಾಡಿದರೆ ಗ್ಯಾಸ್ಕೆಟ್ ನಡುವೆ ಉಬ್ಬಿಕೊಂಡು ಉಳಿಯುತ್ತದೆ. ನಾನಾದರೆ 30, 60, 88 ನ್ಯೂಟನ್ ಮೀಟರ್ ಮಾಡುತ್ತೇನೆ. ಒಂದು ಸುತ್ತು ಪೂರ್ತಿ ಮುಗಿಯದೆ ಮುಂದಿನ ಅಂಕಿಗೆ ಹೋಗಬೇಡಿ.

ರೆಂಚ್ ಅನ್ನು ನಿಧಾನವಾಗಿ, ಒಂದೇ ಎಳೆತದಲ್ಲಿ ಎಳೆಯಿರಿ. ನಡುವೆ ನಿಂತರೆ ನಟ್ ಅಂಟಿಕೊಳ್ಳುತ್ತದೆ. ಮತ್ತೆ ಎಳೆದಾಗ ನಟ್ ಅಲುಗದೆಯೇ, ಹಾಕಿಟ್ಟ ಟಾರ್ಕ್ ಬಂತು ಅಂತ ರೆಂಚ್ ಮಾಡುವ ಕ್ಲಿಕ್ ಬರುತ್ತದೆ, ನೀವು ಆಯಿತು ಅಂದುಕೊಳ್ಳುತ್ತೀರಿ. ಹಾಗಾದರೆ ಆ ನಟ್ ಸ್ವಲ್ಪ ಸಡಿಲಿಸಿ ಮತ್ತೆ ಎಳೆಯಿರಿ. ಕ್ಲಿಕ್ ಬಂದ ಮೇಲೆ ಇನ್ನೊಂದು ಕ್ಲಿಕ್ ಕೇಳಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದು ಬೇಡ.

ಬಿಸಿಯಾದ ಮೇಲೆ ಮತ್ತೆ ಟೈಟ್ ಮಾಡುವುದು ಹಳೆಯ ಮೆತ್ತನೆ ಗ್ಯಾಸ್ಕೆಟ್‌ಗಳ ಕಾಲದ ಪದ್ಧತಿ, ಅವು ಕೂರುತ್ತಾ ತೆಳುವಾಗುತ್ತಿದ್ದವು. ಸ್ಟೀಲ್ ಪದರದ್ದಕ್ಕೆ ಸಾಮಾನ್ಯವಾಗಿ ಬೇಕಾಗಿಲ್ಲ. ಹಾಳೆಯಲ್ಲಿ ಕೇಳಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅದೇ ಕ್ರಮದಲ್ಲಿ, ಒಂದೊಂದೇ ನಟ್ ಕಾಲು ಸುತ್ತು ಬಿಚ್ಚಿ ಮತ್ತೆ 88ಕ್ಕೆ ತನ್ನಿ. ಎರಡು ನಟ್ ಒಟ್ಟಿಗೆ ಬಿಚ್ಚಬೇಡಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಸರ್. ನೀವು ಹೇಳಿದ ಹಾಗೇ ಮಾಡಿದೆ. ಎರಡು ಸುತ್ತು ಚೆನ್ನಾಗಿ ಬಂತು. ಕೊನೆಯ ಸುತ್ತಿನಲ್ಲಿ ಒಂಬತ್ತು ನಟ್ ಕ್ಲಿಕ್ ಆದವು. ತುದಿಯ ಒಂದು ಮಾತ್ರ ತಿರುಗುತ್ತಾ ಹೋಗುತ್ತಿದೆ, ಕೈಗೆ ಬಿಗಿ ಹೆಚ್ಚುತ್ತಿಲ್ಲ. ನಿಲ್ಲಿಸಿದ್ದೇನೆ.

ಉತ್ತರ 3:

ರೆಂಚ್ ಕೆಟ್ಟಿರಬಹುದಾ? ಬೇರೆ ರೆಂಚ್ ಹಾಕಿ ನೋಡಿ.

ಉತ್ತರ 2 ಬರೆದವರು:

ಒಂಬತ್ತು ಸರಿ ಬಂದಿವೆ ಅಂದ ಮೇಲೆ ರೆಂಚಿನ ದೋಷ ಅಲ್ಲ. ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಟಾರ್ಕ್ ಏರದೆ ನಟ್ ತಿರುಗುತ್ತಿದ್ದರೆ ಸ್ಟಡ್ ಮಿತಿ ಮೀರಿ ಹಿಗ್ಗುತ್ತಿದೆ, ಇಲ್ಲವೇ ಎಲ್ಲೋ ಥ್ರೆಡ್ ಕಿತ್ತು ಬರುತ್ತಿದೆ.

ಎಲ್ಲ ನಟ್‌ಗಳನ್ನೂ ಟೈಟ್ ಮಾಡಿದ ಕ್ರಮದ ಉಲ್ಟಾದಲ್ಲಿ, ತುದಿಯಿಂದ ನಡುವಿಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ಹೆಡ್ ಎತ್ತಿ. ಆ ಸ್ಟಡ್ ತೆಗೆದು ಪಕ್ಕದ ಇನ್ನೊಂದು ಸ್ಟಡ್ ಜೊತೆ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಉದ್ದವಾಗಿದ್ದರೆ ಅದು ಹಿಗ್ಗಿ ಹಾಳಾಗಿದೆ, ಬದಲಿಸಿ. ಉದ್ದ ಒಂದೇ ಇದ್ದು, ಕೆಳಗಿನ ಥ್ರೆಡ್ ಸಂದಿಯಲ್ಲಿ ಕಬ್ಬಿಣದ ಚೂರು ಸುರುಳಿ ಕಂಡರೆ ಕಿತ್ತದ್ದು ಬ್ಲಾಕಿನ ಥ್ರೆಡ್. ನಟ್ ಒಳಗನ್ನೂ ಒಮ್ಮೆ ನೋಡಿ.

ಬ್ಲಾಕಿನದ್ದಾದರೆ ಹೆದರಬೇಡಿ, ದಾರಿ ಇದೆ. ಗುಂಡಿ ದೊಡ್ಡದು ಮಾಡಿ ಸ್ಟೀಲ್ ಇನ್ಸರ್ಟ್ ಹಾಕುತ್ತಾರೆ. ತಂತಿ ಸುರುಳಿಯದ್ದೂ ಇದೆ, ಗಟ್ಟಿ ಬುಷ್‌ನದ್ದೂ ಇದೆ. ಹೆಡ್ ಸ್ಟಡ್‌ಗೆ ನನಗೆ ಬುಷ್ ಮೇಲೆ ನಂಬಿಕೆ ಜಾಸ್ತಿ. ಆದರೆ ಕೈ ಡ್ರಿಲ್‌ನಲ್ಲಿ ಕೊರೆಯಬೇಡಿ. ಗುಂಡಿ ಒಂದು ಚೂರು ಓರೆಯಾದರೂ ಸ್ಟಡ್ ಮೇಲ್ಗಡೆ ಹೆಡ್‌ಗೆ ತಾಗುತ್ತದೆ. ಮಷೀನ್ ಶಾಪಿನಲ್ಲಿ ಬ್ಲಾಕಿನ ಮುಖಕ್ಕೆ ನೇರ ಹಿಡಿದು ಕೊರೆಸಿ. ಹಾಗೆಯೇ ಉಳಿದ ಒಂಬತ್ತು ಗುಂಡಿಗಳನ್ನೂ ತೋರಿಸಿ. ಹಳೆಯ ಎಂಜಿನ್‌ನಲ್ಲಿ ಒಂದು ಕಿತ್ತರೆ ಪಕ್ಕದ್ದೂ ಸುಸ್ತಾಗಿರಬಹುದು.

ಇನ್ನೊಂದು ಮಾತು. ಕ್ಲಿಕ್ ಬರದಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ. ತುಂಬಾ ಬೇಗ ಬಂದರೆ ಯಾರೂ ಕೇಳುವುದಿಲ್ಲ. ನಟ್ ಥ್ರೆಡ್‌ನ ಕೊನೆಗೆ ತಾಗಿದರೂ ಕ್ಲಿಕ್ ಬರುತ್ತದೆ, ಹೆಡ್ ಮೇಲೆ ಒತ್ತಡ ಮಾತ್ರ ಇರುವುದಿಲ್ಲ. ಅದಕ್ಕೆ ಈ ಸಲ ಕೊನೆಯ ಸುತ್ತಿಗೆ ಮೊದಲು ಪ್ರತಿ ನಟ್‌ಗೂ ಹೆಡ್‌ಗೂ ಸೇರಿಸಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆಯಿರಿ. 60ರಿಂದ 88ಕ್ಕೆ ಹೋಗುವಾಗ ಹತ್ತೂ ನಟ್ ಹೆಚ್ಚು ಕಡಿಮೆ ಒಂದೇ ಕೋನ ತಿರುಗಬೇಕು. ಯಾವುದಾದರೂ ಬಹಳ ಕಡಿಮೆ ಅಥವಾ ಬಹಳ ಜಾಸ್ತಿ ತಿರುಗಿದರೆ ಅದನ್ನು ಬಿಚ್ಚಿ ನೋಡಿ. ಗ್ಯಾಸ್ಕೆಟ್ ಒಂದು ಸಲ ಪೂರ್ತಿ ಒತ್ತಿಸಿಕೊಂಡಿದೆ, ಅದರಿಂದ ಹೊಸದನ್ನೇ ಹಾಕಿ.

ಪ್ರಶ್ನೆ ಕೇಳಿದವರು:

ಅಳೆದೆ ಸರ್. ಸ್ಟಡ್ ಉದ್ದ ಸರಿ ಇದೆ, ಕೆಳಗಿನ ಥ್ರೆಡ್‌ನಲ್ಲಿ ಕಬ್ಬಿಣದ ಚೂರು ಸಿಕ್ಕಿತು. ಬ್ಲಾಕ್ ಅನ್ನು ಮಷೀನ್ ಶಾಪಿಗೆ ಒಯ್ಯುತ್ತೇನೆ. ಬುಷ್ ಹಾಕಿದ ಗುಂಡಿಗೂ ಅದೇ 88 ತಾನೇ?

ಉತ್ತರ 2 ಬರೆದವರು:

ಅದೇ 88. ಬುಷ್ ಬ್ಲಾಕಿನ ಮುಖಕ್ಕಿಂತ ಮೇಲೆ ಎದ್ದಿರಬಾರದು, ಬೆರಳಾಡಿಸಿ ನೋಡಿಕೊಂಡು ತನ್ನಿ.